ನಿಮಗಿದು ಗೊತ್ತೆ? ಇಲ್ಲದ ಕಾರ್ಡಿಗೂ ಡ್ರೈವರ್!
ಸಿಂಧನೂರಿನ ಮನೆಯಲ್ಲಿ ಕುಳಿತು ಬೆಂಗಳೂರಿನ ಕಚೇರಿ ಕೆಲಸ ಮಾಡುವವರ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಚಾಲೂ ಆದೊಡನೆ ಸಾಮಾನ್ಯವಾಗಿ 'ಟನ್0' ಎಂಬ ಹೊಸ ನೆಟ್‌ವರ್ಕ್ ಕಾರ್ಡ್ ಪಟ್ಟಿಯಲ್ಲಿ ಕಾಣಿಸುತ್ತದೆ. ಬಿಚ್ಚಿ ನೋಡಿದರೆ ಒಳಗೆ ಅಂಥ ಕಾರ್ಡೇ ಇಲ್ಲ! ಅದು ಟನ್/ಟ್ಯಾಪ್ ಡ್ರೈವರಿನ ಸೃಷ್ಟಿ. ಅಸಲಿ ಕಾರ್ಡ್ ಮಾಹಿತಿಯನ್ನು ತಂತಿಗೆ ಕೊಟ್ಟರೆ, ಇದು ವಿಪಿಎನ್ ಪ್ರೋಗ್ರಾಮಿನ ಕೈಗೆ ಕೊಡುತ್ತದೆ. ಪ್ರೋಗ್ರಾಂ ಅದನ್ನು ಗೂಢಲಿಪಿಗೆ ಬದಲಿಸಿ ವೈಫೈ ಮೂಲಕ ಹೊರಗೆ ಕಳಿಸುತ್ತದೆ. ಟನ್ ಬಲ್ಲದ್ದು ಐಪಿ ಪ್ಯಾಕೆಟ್ ಮಾತ್ರ. ಟ್ಯಾಪ್ ಇಡೀ ಈಥರ್ನೆಟ್ ಫ್ರೇಮನ್ನೇ ಹೊರುತ್ತದೆ.

ವಿಪಿಎನ್ ಹೊಂದಿಸುವಾಗ ಅನೇಕರು ಎಡವುವುದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಎಂಬಲ್ಲಿ. ಈಥರ್ನೆಟ್‌ನಲ್ಲಿ ಅದು 1500 ಬೈಟ್. ಗೂಢಲಿಪಿಯ ಹೊದಿಕೆಗೂ ಜಾಗ ಬೇಕಲ್ಲ! ಅದಕ್ಕೇ 2020ರಲ್ಲಿ ಲಿನಕ್ಸ್ ಕರ್ನಲ್ ಸೇರಿದ ವೈರ್‌ಗಾರ್ಡ್ ಎಂಬ ವಿಪಿಎನ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ. ಈ ಲೆಕ್ಕ ತಪ್ಪಿದರೆ ಪುಟ್ಟ ಪಿಂಗ್ ಸಲೀಸಾಗಿ ಹೋಗುತ್ತದೆ, ದೊಡ್ಡ ಫೈಲ್ ಮಾತ್ರ ನಡುದಾರಿಯಲ್ಲಿ ನಿಂತುಬಿಡಬಹುದು.

ಈ ಇಲ್ಲದ ಕಾರ್ಡು ಲ್ಯಾಪ್‌ಟಾಪಿನವರ ಸಂಗತಿ ಮಾತ್ರ ಎನ್ನಬೇಡಿ. ಆಂಡ್ರಾಯ್ಡ್‌ನ ಒಡಲಲ್ಲಿರುವುದೂ ಲಿನಕ್ಸ್ ಕರ್ನಲ್ಲೇ. 2011ರ ಆಂಡ್ರಾಯ್ಡ್ 4.0ರಿಂದ ವಿಪಿಎನ್ ಆ್ಯಪ್‌ಗಳಿಗೆ ಇದೇ ಟನ್ ದಾರಿ. ಮಸ್ಕಿಯಲ್ಲೋ ಲಿಂಗಸುಗೂರಿನಲ್ಲೋ ಯಾರದಾದರೂ ಮೊಬೈಲಿನ ಮೇಲಂಚಿನಲ್ಲಿ ಪುಟ್ಟ ಕೀಲಿಕೈ ಚಿಹ್ನೆ ಕಂಡರೆ, ಒಳಗೆ ಇಂಥದೇ ಕಾರ್ಡ್ ದುಡಿಯುತ್ತಿದೆ ಎಂದರ್ಥ. ಲ್ಯಾಪ್‌ಟಾಪಿನಲ್ಲಾದರೆ ಇದನ್ನು ಸೃಷ್ಟಿಸಲು ಸಾಮಾನ್ಯವಾಗಿ ರೂಟ್ (ನಿರ್ವಾಹಕ) ಅಧಿಕಾರ ಬೇಕು. ಫೋನಿನಲ್ಲಿ ಮಾಲೀಕರು ಒಮ್ಮೆ 'ಸರಿ' ಒತ್ತಿದರೆ ಸಾಕು.