ಕಪ್ಪುಕುಳಿಯ ನಾದ ಹಿಡಿದವರು

ಬೆಳಕನ್ನೂ ನುಂಗುವ ವಸ್ತುವನ್ನು ಹುಡುಕುವುದು ಹೇಗೆ? ವಿಜ್ಞಾನಿಗಳು ಮೊದಲು ವಿಚಾರಿಸುವುದು ನೆರೆಹೊರೆಯನ್ನು. ನಮ್ಮ ಕ್ಷೀರಪಥದ ನಟ್ಟನಡುವೆ ಎಸ್-2 ಎಂಬ ನಕ್ಷತ್ರ ಏನೂ ಕಾಣದ ಜಾಗವೊಂದನ್ನು 16 ವರ್ಷಕ್ಕೊಮ್ಮೆ ಸುತ್ತುತ್ತದೆ. ಆ ಭಾಗದ ನಕ್ಷತ್ರಗಳ ಓಟದಿಂದಲೇ ಅಲ್ಲಿ ಸುಮಾರು 40 ಲಕ್ಷ ಸೂರ್ಯರಷ್ಟು ದ್ರವ್ಯ ಅಡಗಿದೆಯೆಂದು ತೋರಿಸಿದ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ 2020ರ ನೊಬೆಲ್‌ನಲ್ಲಿ ಪಾಲು ಪಡೆದರು.

ಸುತ್ತ ನಕ್ಷತ್ರವೂ ಇಲ್ಲ, ಅನಿಲವೂ ಇಲ್ಲ ಎಂದಾದರೆ?

ಈ ಪ್ರಶ್ನೆಗೆ ತಲೆಕೆಡಿಸಿಕೊಂಡವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿದ್ದವರು. ಗುರುತ್ವ ಅಲೆಯ, ಎಂದರೆ ದೇಶ-ಕಾಲದಲ್ಲೇ ಏಳುವ ಅಲೆಯ, ತುಣುಕುಗಳನ್ನು ಕಪ್ಪುಕುಳಿಯತ್ತ ಎಸೆದರೆ ಮರಳಿ ಬರುವುದೇನು ಎಂದು ಅವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಅಗಲವಾದ ಅಲೆಗೆ ವಿಶೇಷವೇನೂ ಕಾಣಲಿಲ್ಲ. ಅಲೆಯನ್ನು ಕಿರಿದು ಮಾಡುತ್ತ ಹೋದಂತೆ, ಮರಳಿದ ಅಲೆಯ ಬಾಲದಲ್ಲಿ ಏರಿಳಿತ ಮೂಡಿತು. ಗುಡಿಯ ಗಂಟೆ ಬಡಿದು ಬಿಟ್ಟಾಗ ನಾದ ಕ್ಷೀಣಿಸುವ ಹಾಗೆ. ಈ ಫಲಿತಾಂಶ 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಯಾವುದರಿಂದ ಬಡಿದರೂ ಸ್ವರ ಮಾತ್ರ ಕಪ್ಪುಕುಳಿಯದೇ: ಅದರ ದ್ರವ್ಯರಾಶಿ ಎಷ್ಟು, ಎಷ್ಟು ವೇಗವಾಗಿ ಗಿರಕಿ ಹೊಡೆಯುತ್ತದೆ ಎಂಬೆರಡೇ ಆ ಸ್ವರವನ್ನು ನಿರ್ಧರಿಸುತ್ತವೆ.

ಆ ಸ್ವರವನ್ನು ಕೇಳಿಸಿಕೊಳ್ಳುವ ಯಂತ್ರ ಸಿದ್ಧವಾಗಲು 45 ವರ್ಷ ಬೇಕಾಯಿತು. 2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆಗಳನ್ನು ಹಿಡಿಯುವ ಅಮೆರಿಕದ ಎರಡು ಲೈಗೊ ಶೋಧಕಗಳು, 4 ಕಿ.ಮೀ. ಉದ್ದದ ತೋಳುಗಳಲ್ಲಿ ಲೇಸರ್ ಹರಿಸಿ, ಪ್ರೋಟಾನಿನ ಅಗಲದ ಸುಮಾರು ಸಾವಿರದಲ್ಲೊಂದು ಭಾಗದಷ್ಟು ಕದಲಿಕೆಯನ್ನು ಹಿಡಿದವು. 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ 36 ಮತ್ತು 29 ಸೂರ್ಯರಷ್ಟು ದ್ರವ್ಯರಾಶಿಯ ಕಪ್ಪುಕುಳಿಗಳು ಬೆರೆತು 62 ಸೂರ್ಯರದ್ದೊಂದು ಹುಟ್ಟಿತ್ತು. ಮಿಕ್ಕ ಮೂರು ಸೂರ್ಯರಷ್ಟು ದ್ರವ್ಯ ಅಲೆಗಳಾಗಿ ಚೆಲ್ಲಿಹೋಗಿತ್ತು. ಸಂಕೇತದ ಕೊನೆಯ ಚೂರಿನಲ್ಲಿ ವಿಶ್ವೇಶ್ವರ ಲೆಕ್ಕ ಹಾಕಿದ್ದಂಥದೇ ಅನುರಣನ! 2016ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಿದ್ದಾಗ ಅವರು ಬದುಕಿದ್ದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ಎಷ್ಟೋ ಜನರಿಗೆ ಅವರು ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೆಂದಷ್ಟೇ ಗೊತ್ತು.

2019ರಲ್ಲಿ ಬಂದ ಎಂ-87 ಗೆಲಾಕ್ಸಿಯ ಕಪ್ಪುಕುಳಿಯ ಕಿತ್ತಳೆ ಉಂಗುರದ ಚಿತ್ರ ಎಲ್ಲರ ಮೊಬೈಲಿಗೂ ತಲುಪಿತು. ಆದರೆ ಕಪ್ಪುಕುಳಿಯ ಸಿದ್ಧಾಂತವನ್ನು ಒರೆಗೆ ಹಚ್ಚಲು ಚಿತ್ರಕ್ಕಿಂತ ನಾದವೇ ಮೇಲು. 2025ರ ಜನವರಿ 14ರಂದು ಲೈಗೊಗೆ ಸಿಕ್ಕ ಸಂಕೇತ ಎಷ್ಟು ಸ್ಪಷ್ಟವಾಗಿತ್ತೆಂದರೆ, ಕಪ್ಪುಕುಳಿಗಳು ಬೆರೆತಾಗ ಒಟ್ಟು ಮೇಲ್ಮೈ ವಿಸ್ತೀರ್ಣ ಕುಗ್ಗದು ಎಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ಹೇಳಿದ್ದನ್ನು ಅಳೆದೇ ನೋಡಲಾಯಿತು: ಸುಮಾರು 2.4 ಲಕ್ಷ ಚದರ ಕಿ.ಮೀ. ಇದ್ದದ್ದು 4 ಲಕ್ಷವಾಗಿತ್ತು.

ಅಲೆ ಆಕಾಶದ ಯಾವ ದಿಕ್ಕಿನಿಂದ ಬಂತೆಂದು ಕರಾರುವಾಕ್ಕಾಗಿ ಹೇಳಲು ದೂರದೂರದಲ್ಲಿ ಇನ್ನಷ್ಟು ಶೋಧಕಗಳು ಬೇಕು. ಅಂಥದೊಂದನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು ಕೇಂದ್ರ ಸಚಿವ ಸಂಪುಟ 2023ರಲ್ಲಿ ಒಪ್ಪಿಗೆ ಕೊಟ್ಟಿದೆ.