ಸಿಗ್ನಲ್ ಸೊರಗಿದರೆ ಕಾವಲು ಬಿಗಿ

ಬೀದರ್ ತಾಲ್ಲೂಕಿನ ಮನ್ನಳ್ಳಿಯಂಥ ಊರಲ್ಲಿ ತೊಗರಿ ಹೊಲದ ಬದುವಿನ ಮೇಲೆ ಸರಾಗವಾಗಿ ಓಡುವ ವಿಡಿಯೊ, ಕೆಂಪುಗಲ್ಲಿನ ದಪ್ಪ ಗೋಡೆಯ ಮನೆಯೊಳಗೆ ತಡವರಿಸಿದರೆ ನೆಟ್‌ವರ್ಕನ್ನು ಬೈಯುತ್ತೇವೆ. ಆದರೆ ಫೋನೂ ಟವರೂ ಹೆಚ್ಚು ದುಡಿಯುವುದು ಆ ಹೊತ್ತಿನಲ್ಲೇ. ವೇಗವನ್ನು ಬಿಟ್ಟುಕೊಟ್ಟು ಮಾಹಿತಿ ಕೆಡದಂತೆ ಅವು ಕಾಯುತ್ತಿರುತ್ತವೆ.

ಗೋಡೆ ದಾಟುವಾಗ ರೇಡಿಯೊ ಅಲೆ ಸೊರಗುತ್ತದೆ, ಗದ್ದಲದಲ್ಲಿ 0 ಇದ್ದದ್ದು 1 ಎಂದು ಕಾಣುತ್ತದೆ. ನಾಲ್ಕು ಬಿಟ್‌ಗಳ ಜೊತೆ ಲೆಕ್ಕಹಾಕಿದ ಮೂರು ಬಿಟ್ ಸೇರಿಸಿದರೆ, ಏಳರಲ್ಲಿ ಒಂದು ಕೆಟ್ಟರೂ ಗುರುತಿಸಿ ತಿದ್ದಬಹುದು ಎಂದು ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ತೋರಿಸಿದರು. ಅಲ್ಲಿ ಕಾವಲಿನ ಪ್ರಮಾಣ ಸ್ಥಿರ. 4ಜಿಯಲ್ಲಿ ಅದು ಪರಿಸ್ಥಿತಿಗೆ ತಕ್ಕಂತೆ ಬದಲಾಗುತ್ತದೆ. ಸಿಗ್ನಲ್ಲಿನ ಗುಣಮಟ್ಟವನ್ನು ಫೋನು 1ರಿಂದ 15ರೊಳಗಿನ ಅಂಕಿಯಾಗಿ ಸೆಕೆಂಡಿಗೆ ಹಲವು ಬಾರಿ ಟವರಿಗೆ ತಿಳಿಸುತ್ತದೆ. ಮೂಲ 4ಜಿ ಪಟ್ಟಿಯಲ್ಲಿ 15 ಎಂದರೆ ಕಳಿಸುವ 1024 ಬಿಟ್‌ಗಳಲ್ಲಿ 948 ಅಸಲು ಮಾಹಿತಿ. 1 ಎಂದರೆ ಬರೀ 78, ಉಳಿದದ್ದೆಲ್ಲ ಕಾವಲು. ಒಂದೊಂದು ಸಂಕೇತ ಹೊರುವ ಬಿಟ್‌ಗಳೂ ಆರರಿಂದ ಎರಡಕ್ಕೆ ಇಳಿಯುತ್ತವೆ. ಹೀಗೆ ಸಾಗುವ ಮಾಹಿತಿ ಸುಮಾರು 36ರಲ್ಲಿ ಒಂದು ಪಾಲಾಗುತ್ತದೆ. ತೇವ ಸಾಲದ ಹೊಲಕ್ಕೆ ಬೀಜ ಹೆಚ್ಚು ಹಾಕಿ ಬಿತ್ತುವ ವಿವೇಕವಿದು.

ಹಾಗಾದರೆ ಸದಾ ಗರಿಷ್ಠ ಕಾವಲನ್ನೇ ಇಡಬಾರದೇಕೆ? ಟವರಿನ ತರಂಗಾಂತರವನ್ನು ಊರೆಲ್ಲ ಹಂಚಿಕೊಳ್ಳುತ್ತದೆ. ಬದುವಿನ ಮೇಲಿರುವವರಿಗೂ ಅಷ್ಟೇ ವೆಚ್ಚ ಮಾಡಿದರೆ ಎಲ್ಲರ ವೇಗವೂ ಕುಸಿಯುತ್ತದೆ. ಟವರಿನ ಶಕ್ತಿ ಹೆಚ್ಚಿಸಿದರೆ ಅದು ಪಕ್ಕದ ಟವರಿನ ಬಳಕೆದಾರರಿಗೆ ಗದ್ದಲವಾಗುತ್ತದೆ. ಕೆಟ್ಟದ್ದನ್ನು ಮತ್ತೆ ಕಳಿಸಿದರೆ ಸಾಲದೇ ಎಂಬುದು ಇನ್ನೂ ಬಲವಾದ ಪ್ರಶ್ನೆ. ವ್ಯವಸ್ಥೆ ಅದನ್ನೂ ಮಾಡುತ್ತದೆ. ಮೊದಲ ಯತ್ನದಲ್ಲಿ ಹತ್ತರಲ್ಲಿ ಒಂದು ಕಂತು ಕೆಟ್ಟರೂ ಸರಿ ಎಂಬ ಲೆಕ್ಕದಲ್ಲೇ ಫೋನು ತನ್ನ ಅಂಕಿಯನ್ನು ಆರಿಸುತ್ತದೆ. ಕೆಟ್ಟ ಕಂತನ್ನು ಎಸೆಯದೆ, ಮರಳಿ ಬಂದದ್ದರೊಂದಿಗೆ ಕೂಡಿಸಿ ಓದುತ್ತದೆ. ಒಂಟಿಯಾಗಿ ಓದಲಾಗದ ಎರಡು ಪ್ರತಿಗಳು ಸೇರಿ ಒಂದು ಶುದ್ಧ ಪ್ರತಿಯಾಗಬಲ್ಲವು.

ಈ ಜಾಣ್ಮೆಗೂ ಮಿತಿಯಿದೆ. ಪ್ರತಿ ಸಂವಹನ ಮಾರ್ಗಕ್ಕೂ ಒಂದು ಗರಿಷ್ಠ ವೇಗವಿದೆ, ಅದನ್ನು ಮೀರಿದರೆ ಯಾವ ಕೋಡೂ ಕಾಯಲಾರದು ಎಂದು ಕ್ಲಾಡ್ ಶಾನನ್ 1948ರಲ್ಲೇ ಸಾಧಿಸಿದ್ದರು. ಟವರ್ ದೂರವಾದಷ್ಟೂ ಆ ಮಿತಿ ಕೆಳಗಿಳಿಯುತ್ತದೆ. ಔರಾದ್, ಭಾಲ್ಕಿಯ ಅಂಚಿನ ಹಳ್ಳಿಯ ವಿದ್ಯಾರ್ಥಿ ತುಂಬಿದ ಅರ್ಜಿ ಅಕ್ಷರ ಕೆಡದೆ ತಲುಪುವಂತೆ ಗಣಿತ ನೋಡಿಕೊಳ್ಳಬಲ್ಲದು. ಗಡುವಿನೊಳಗೆ ತಲುಪಬೇಕಾದರೆ ಟವರೇ ಹತ್ತಿರ ಬರಬೇಕು. ಆದ್ದರಿಂದ ಊರಿಗೆ ಸಿಗ್ನಲ್ ಇದೆಯೇ ಎಂದಷ್ಟೇ ಕೇಳಿದರೆ ಸಾಲದು, ಆ ಸಿಗ್ನಲ್ಲಿನಲ್ಲಿ ಅಸಲು ಮಾಹಿತಿಗೆ ಸಿಗುತ್ತಿರುವ ಪಾಲೆಷ್ಟು ಎಂದು ಕೇಳಬೇಕು.