ಕೀ ಉತ್ತರಕ್ಕೆ ಸಿಗದ ನಾಗರಿಕತೆಗಳು

'ಪ್ರಾಚೀನ ನಾಗರಿಕತೆಯ ಲಕ್ಷಣಗಳನ್ನು ವಿವರಿಸಿ.' ಹೈಸ್ಕೂಲಿನಿಂದ ಹಿಡಿದು ಕೆಎಎಸ್‌ವರೆಗೂ ಬೆನ್ನು ಬಿಡದ ಪ್ರಶ್ನೆ ಇದು. ಉತ್ತರ ಎಲ್ಲರಿಗೂ ಬಾಯಿಪಾಠ: ನದಿ ಬಯಲು, ನಗರ, ಲಿಪಿ, ರಾಜ, ಲೋಹ, ಚಕ್ರ. ಈ ಪಟ್ಟಿಗೂ ಒಂದು ಚರಿತ್ರೆಯಿದೆ. ಆಸ್ಟ್ರೇಲಿಯಾ ಮೂಲದ ಪುರಾತತ್ವಜ್ಞ ಗಾರ್ಡನ್ ಚೈಲ್ಡ್ 1950ರಲ್ಲಿ 'ನಗರ ಕ್ರಾಂತಿ'ಯ ಬಗ್ಗೆ ಒಂದು ಪ್ರಬಂಧ ಬರೆದು, ಮೊದಲ ನಗರಗಳನ್ನು ಅವುಗಳ ಹಿಂದಿನ ಹಳ್ಳಿಗಳಿಂದ ಬೇರೆ ಮಾಡುವ ಹತ್ತು ಗುರುತುಗಳನ್ನು ಮುಂದಿಟ್ಟರು. ದೊಡ್ಡ ಊರು, ಬೇಸಾಯ ಬಿಟ್ಟು ಕಸುಬಿನಿಂದಲೇ ಬದುಕುವ ಜನ, ಒಂದೆಡೆ ಬಂದು ಸೇರುವ ಹೆಚ್ಚುವರಿ ಧಾನ್ಯ, ಭಾರಿ ಕಟ್ಟಡ, ಆಳುವ ವರ್ಗ, ಬರವಣಿಗೆ, ದೂರದ ವ್ಯಾಪಾರ ಇತ್ಯಾದಿ. ಚೈಲ್ಡ್ ಅವರಿಗೆ ಅದು ವಾದಕ್ಕೆ ಇಟ್ಟ ಪಟ್ಟಿ. ಮಾಯಾ ಜನರು ಅದರೊಳಗೆ ಪೂರ್ತಿ ಕೂರುವುದಿಲ್ಲವೆಂಬುದೂ ಅವರಿಗೆ ಗೊತ್ತಿತ್ತು. ನಮ್ಮ ಗೈಡುಗಳ ಕೈಗೆ ಬರುವ ಹೊತ್ತಿಗೆ ಅದು ಮೌಲ್ಯಮಾಪಕರ ಕೀ ಉತ್ತರ ಆಗಿಬಿಟ್ಟಿದೆ. ಅದನ್ನು ಹಿಡಿದು ಅಂಕ ಹಾಕುತ್ತಾ ಹೋದರೆ ಚರಿತ್ರೆಯ ಕೆಲವು ದೊಡ್ಡ ಸಮಾಜಗಳೇ ನಪಾಸಾಗುತ್ತವೆ.

ನಂಬಿಕೆ: ದೊಡ್ಡ ನದಿ ಇದ್ದಲ್ಲಿ ನಾಗರಿಕತೆ ತಾನಾಗಿ ಅರಳಿತು

'ನೈಲ್ ನದಿಯ ವರ, ಯೂಫ್ರೆಟಿಸ್-ಟೈಗ್ರಿಸ್‌ಗಳ ವರ' ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ ಆ ನದಿಗಳ ಗುಣ ಒಂದೇ ಅಲ್ಲ. ನೈಲ್ ಬೇಸಿಗೆಯ ಕೊನೆಗೆ ಉಕ್ಕಿ ಹರಿದು, ಅಕ್ಟೋಬರ್-ನವೆಂಬರ್ ಹೊತ್ತಿಗೆ ಇಳಿಯುತ್ತಿತ್ತು. ಬಿತ್ತನೆಯ ಕಾಲಕ್ಕೆ ಸರಿಯಾಗಿ ಹೊಲದಲ್ಲಿ ಹಸಿ ಮೆಕ್ಕಲು ಮಣ್ಣು ಉಳಿಯುತ್ತಿತ್ತು. ಟೈಗ್ರಿಸ್-ಯೂಫ್ರೆಟಿಸ್‌ಗಳಲ್ಲಿ ನೆರೆ ಬರುತ್ತಿದ್ದುದು ಏಪ್ರಿಲ್-ಮೇ ತಿಂಗಳಲ್ಲಿ, ಅಂದರೆ ಬೆಳೆದು ನಿಂತ ಬಾರ್ಲಿ ಕೊಯ್ಲಿಗೆ ಬರುವ ಹೊತ್ತಿಗೆ. ಬೇಕಾದಾಗ ನೀರಿಲ್ಲ, ಬೇಡವಾದಾಗ ಪ್ರವಾಹ. ಸುಮೇರಿನವರು ಒಡ್ಡು ಹಾಕಿ, ಕಾಲುವೆ ತೋಡಿ, ವರ್ಷವರ್ಷವೂ ಹೂಳೆತ್ತಿ ಆ ನದಿಗಳನ್ನು ಪಳಗಿಸಬೇಕಾಯಿತು.

ಪಳಗಿಸಿದ್ದಕ್ಕೆ ಬೆಲೆಯೂ ತೆತ್ತರು. ಬಿಸಿಲ ನಾಡಿನಲ್ಲಿ ಬಸಿಗಾಲುವೆಯಿಲ್ಲದೆ ನೀರು ಹಾಯಿಸಿದರೆ ಅಂತರ್ಜಲ ಮೇಲೇರಿ, ಅದರ ಜೊತೆ ಉಪ್ಪೂ ಮೇಲೆ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಸವಳು-ಜವಳು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣ ಮೆಸಪಟೋಮಿಯದಲ್ಲಿ ಗೋಧಿ ಹಿಂದೆ ಸರಿದು, ಉಪ್ಪನ್ನು ಹೆಚ್ಚು ತಾಳಿಕೊಳ್ಳುವ ಬಾರ್ಲಿ ಮುಂದೆ ಬಂದದ್ದಕ್ಕೆ ಸವಳೇ ಕಾರಣವೆಂದು ಸಂಶೋಧಕರಾದ ಜೇಕಬ್ಸನ್ ಮತ್ತು ಆಡಮ್ಸ್ 1958ರಲ್ಲಿ ವಾದಿಸಿದರು. ಎಷ್ಟರ ಮಟ್ಟಿಗೆ ಕಾರಣ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

ದೊಡ್ಡ ನದಿಯೇ ಇಲ್ಲದೆಯೂ ನಗರ ಎದ್ದದ್ದುಂಟು. ಪೆರು ದೇಶದ ಕರಾವಳಿ ಮರುಭೂಮಿಯಲ್ಲಿ ಸುಪೆ ಎಂಬ ಸಣ್ಣ ನದಿಯ ಕಣಿವೆಯಿದೆ. ಅಲ್ಲಿನ ಕರಾಲ್ ಎಂಬಲ್ಲಿ, ಈಜಿಪ್ಟಿನಲ್ಲಿ ಪಿರಮಿಡ್ಡುಗಳು ಏಳುತ್ತಿದ್ದ ಸುಮಾರು ಅದೇ ಕಾಲಕ್ಕೆ, ಮೆಟ್ಟಿಲು ಮೆಟ್ಟಿಲಾದ ಭಾರಿ ಜಗಲಿಗಳೂ ವೃತ್ತಾಕಾರದ ಅಂಗಳಗಳೂ ಎದ್ದವು. ಕಣಿವೆಯ ಹತ್ತಿ, ಕಡಲಿನ ಮೀನು, ಇವೆರಡರ ವಿನಿಮಯ ಅಲ್ಲಿನ ಬದುಕಿನ ಆಧಾರ. ರೂತ್ ಶೇಡಿ ಅವರ ತಂಡಕ್ಕೆ ಅಲ್ಲಿ ಮೂಳೆಯಿಂದ ಮಾಡಿದ 32 ಕೊಳಲುಗಳು ಸಿಕ್ಕವು. ಲಿಪಿ ಸಿಗಲಿಲ್ಲ. ಲಿಪಿಯ ಮಾತು ಹಾಗಿರಲಿ, ಆ ಜನ ಮಡಕೆಯನ್ನೇ ಮಾಡುತ್ತಿರಲಿಲ್ಲ!

ನಂಬಿಕೆ: ಬರವಣಿಗೆ ಹುಟ್ಟಿದ್ದು ಕಾವ್ಯಕ್ಕೆ, ದೇವರ ಸ್ತುತಿಗೆ

ಅಕ್ಷರವನ್ನು ಪೂಜಿಸುವ ನಮಗೆ ಹೀಗೆ ಅನ್ನಿಸುವುದು ಸಹಜ. ಆದರೆ ಇಂದಿನ ಇರಾಕಿನ ಉರುಕ್ ನಗರದಲ್ಲಿ ಸಿಕ್ಕ, ಕ್ರಿ.ಪೂ. 3300ರ ನಂತರದ ಶತಮಾನಗಳ ಮಣ್ಣಿನ ಫಲಕಗಳನ್ನು ಓದಿದರೆ ನಿರಾಶೆಯೇ ಗತಿ. ಹೆಚ್ಚಿನವು ಜಮಾಖರ್ಚು. ಇಷ್ಟು ಕುರಿ, ಇಷ್ಟು ಬಾರ್ಲಿ, ಇಷ್ಟು ಬಿಯರ್. ಲೆಕ್ಕವಲ್ಲದ ಫಲಕಗಳಲ್ಲಿ ಇರುವುದು ಬಹುಪಾಲು ಪದಗಳ ಪಟ್ಟಿ, ಅಂದರೆ ಹೊಸ ಗುಮಾಸ್ತರು ತಿದ್ದಿ ಕಲಿಯಬೇಕಾದ ಪಾಠ. ಒಂದು ಪ್ರಸಿದ್ಧ ಫಲಕದಲ್ಲಿ 37 ತಿಂಗಳ ಅವಧಿಗೆ 29,086 ಅಳತೆ ಬಾರ್ಲಿಯ ಲೆಕ್ಕವಿದೆ, ಜೊತೆಗೆ 'ಕುಶಿಮ್' ಎಂದು ಓದಲಾಗುವ ಎರಡು ಗುರುತುಗಳು. ಕುಶಿಮ್ ಎಂಬುದು ವ್ಯಕ್ತಿಯ ಹೆಸರೋ, ಹುದ್ದೆಯ ಹೆಸರೋ ತೀರ್ಮಾನವಾಗಿಲ್ಲ. ವ್ಯಕ್ತಿಯೇ ಆಗಿದ್ದರೆ, ಜಗತ್ತಿನಲ್ಲಿ ಬರಹದ ಮೂಲಕ ನಮಗೆ ತಿಳಿದಿರುವ ತೀರಾ ಹಳೆಯ ಹೆಸರುಗಳಲ್ಲಿ ಒಂದು ದಾಸ್ತಾನು ಲೆಕ್ಕ ನೋಡುವವನದ್ದು! ಕವಿಗಳು ಬೇಸರ ಮಾಡಿಕೊಳ್ಳಬಾರದು, ಅವರ ಸರದಿ ಕೆಲವು ಶತಮಾನಗಳ ನಂತರ ಬಂತು.

ಲಿಪಿ ಇಲ್ಲದಿದ್ದರೆ ರಾಜ್ಯವೇ ನಡೆಯದು ಎನ್ನುವವರು ಇಂಕಾ ಸಾಮ್ರಾಜ್ಯವನ್ನು ನೋಡಬೇಕು. ನಾವು ಲಿಪಿ ಎನ್ನುವ ಅರ್ಥದ ಲಿಪಿ ಅವರಲ್ಲಿರಲಿಲ್ಲ, ಚಕ್ರದ ಗಾಡಿಯೂ ಇರಲಿಲ್ಲ. ಆದರೂ ಆಂಡಿಸ್ ಪರ್ವತಗಳ ಉದ್ದಕ್ಕೂ 30,000 ಕಿ.ಮೀ.ಗೂ ಹೆಚ್ಚು ರಸ್ತೆಯ ಜಾಲ ಹೆಣೆದು ಆಳಿದರು. ಲೆಕ್ಕಕ್ಕೆ ಅವರ ಸಾಧನ 'ಕಿಪು'. ಒಂದು ದಪ್ಪ ಹುರಿಗೆ ಸಾಲಾಗಿ ಇಳಿಬಿಟ್ಟ ದಾರಗಳು, ದಾರಗಳಲ್ಲಿ ಗಂಟುಗಳು. ಗಂಟು ಯಾವ ಎತ್ತರದಲ್ಲಿದೆ ಎಂಬುದರ ಮೇಲೆ ಅದು ಬಿಡಿಯೋ, ಹತ್ತೋ, ನೂರೋ ಎಂದು ನಿರ್ಧಾರ. ಗಂಟೇ ಇಲ್ಲದ ಖಾಲಿ ಜಾಗ ಸೊನ್ನೆ. ಈ ದಶಮಾಂಶ ಕ್ರಮವನ್ನು 1912ರಲ್ಲಿ ಲೆಲ್ಯಾಂಡ್ ಲಾಕ್ ಬಿಡಿಸಿದರು. ಸಂಖ್ಯೆಯಲ್ಲದ ಸಂಗತಿಗಳೂ ಕಿಪುಗಳಲ್ಲಿ ಇವೆಯೇ ಎಂಬುದು ಇವತ್ತಿಗೂ ಬಿಡಿಸದ ಗಂಟು.

ನಂಬಿಕೆ: ಪಿರಮಿಡ್ ಕಟ್ಟಿದವರು ಚಾಟಿಯೇಟು ತಿಂದ ಗುಲಾಮರು

ಇದು ಸಿನಿಮಾ ಕೊಟ್ಟ ಚಿತ್ರ. ಬೈಬಲ್ಲಿನಲ್ಲಿ ಇಸ್ರೇಲಿಗಳು ಫರೋಹನಿಗಾಗಿ ಉಗ್ರಾಣದ ಪಟ್ಟಣಗಳನ್ನು ಕಟ್ಟಿದ ಕಥೆಯಿದೆಯೇ ಹೊರತು ಪಿರಮಿಡ್ಡಿನ ಮಾತಿಲ್ಲ. ಒಂದು ಲಕ್ಷ ಜನ ದುಡಿದರೆಂದು ಬರೆದ ಹೆರೊಡೊಟಸ್ ಬದುಕಿದ್ದು ಪಿರಮಿಡ್ ಎದ್ದು ಸುಮಾರು ಎರಡು ಸಾವಿರ ವರ್ಷ ಕಳೆದ ಮೇಲೆ.

ಗೀಜಾದ ಪಿರಮಿಡ್ಡುಗಳ ದಕ್ಷಿಣಕ್ಕೆ ಮಾರ್ಕ್ ಲೆಹ್ನರ್ ತಂಡ ಕಾರ್ಮಿಕರ ಊರನ್ನೇ ಅಗೆದು ತೆಗೆಯಿತು. ಸಾಲು ಸಾಲು ಉದ್ದನೆಯ ಕಟ್ಟಡಗಳು, ರೊಟ್ಟಿ ಸುಡುವ ಬಟ್ಟಿಗಳು, ರಾಶಿ ರಾಶಿ ದನ, ಕುರಿ, ಮೇಕೆಗಳ ಮೂಳೆ. 1990ರಲ್ಲಿ ಹತ್ತಿರದಲ್ಲೇ ಒಂದು ಕುದುರೆ ಮುಗ್ಗರಿಸಿತು. ಅದರ ಕಾಲಿಗೆ ತಗುಲಿದ್ದು ಮಣ್ಣಿನಿಟ್ಟಿಗೆಯ ಗೋಡೆ, ಗೋಡೆಯ ಹಿಂದೆ ಕೆಲಸಗಾರರ ಸಮಾಧಿಗಳು. ಅಲ್ಲಿನ ಅಸ್ಥಿಪಂಜರಗಳಲ್ಲಿ ಭಾರ ಹೊತ್ತು ಸವೆದ ಬೆನ್ನುಮೂಳೆಗಳಿವೆ. ಮುರಿದು, ಕಟ್ಟು ಹಾಕಿಸಿಕೊಂಡು, ನೇರವಾಗಿ ಕೂಡಿಕೊಂಡ ಕೈಕಾಲುಗಳೂ ಇವೆ. ಸತ್ತವರಿಗೆ ರೊಟ್ಟಿ, ಬಿಯರಿನ ಗಡಿಗೆಯಿಟ್ಟು, ರಾಜನ ಪಿರಮಿಡ್ಡಿನ ನೆರಳಿನಲ್ಲೇ ಮಣ್ಣು ಮಾಡಿದ್ದಾರೆ.

ಇದಕ್ಕಿಂತ ದೊಡ್ಡ ಸಾಕ್ಷ್ಯ ಸಿಕ್ಕಿದ್ದು ದೂರದ ಕೆಂಪು ಸಮುದ್ರದ ದಡದಲ್ಲಿ. 2013ರಲ್ಲಿ ವಾದಿ ಅಲ್ ಜರ್ಫ್ ಎಂಬ ಹಳೆಯ ಬಂದರಿನಲ್ಲಿ ಪಿಯರ್ ತಾಲೆ ಅವರ ತಂಡಕ್ಕೆ ಪಪೈರಸ್ ಕಟ್ಟುಗಳು ದೊರೆತವು. ಬರಹವಿರುವ ಪಪೈರಸ್‌ಗಳಲ್ಲಿ ಇದುವರೆಗೆ ಸಿಕ್ಕಿರುವ ಅತ್ಯಂತ ಹಳೆಯವು ಇವೇ. ಅವುಗಳಲ್ಲಿ ಒಂದು, ಖೂಫು ರಾಜನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಮೆರೆರ್ ಎಂಬ ಮೇಸ್ತ್ರಿ ಬರೆಸಿದ ದಿನವಹಿ. ಅವನ ಗ್ಯಾಂಗು ತುರಾದ ಗಣಿಯಿಂದ ಬಿಳಿ ಸುಣ್ಣಕಲ್ಲನ್ನು ದೋಣಿಗೆ ತುಂಬಿ, ನೈಲ್ ಮತ್ತು ಕಾಲುವೆಗಳ ಮೂಲಕ ಗೀಜಾಕ್ಕೆ ಸಾಗಿಸುತ್ತಿತ್ತು. ಹತ್ತು ದಿನಕ್ಕೆ ಎರಡು ಮೂರು ಸಲ ಹೋಗಿ ಬರುವುದು. ಬೆಳಿಗ್ಗೆ ಎಲ್ಲಿದ್ದರು, ರಾತ್ರಿ ಎಲ್ಲಿ ತಂಗಿದರು ಎಂಬುದು ದಿನದಿನಕ್ಕೂ ದಾಖಲು. ಮೇಲುಸ್ತುವಾರಿಗೆ ರಾಜನ ಮಲಸಹೋದರ ಅಂಖಾಫ್. ಲಾಂಚಿನಲ್ಲಿ ಮರಳು ಸಾಗಿಸುವ ಯಾವ ಕಂಟ್ರಾಕ್ಟರನ ಡೈರಿಯೂ ಇಷ್ಟು ನೀಟಾಗಿರಲಾರದು.

ಹಾಗಂತ ಅವರೆಲ್ಲ ಸ್ವಇಚ್ಛೆಯಿಂದ ದುಡಿದ ಭಕ್ತರು ಎಂದು ಈಗ ಹರಡುತ್ತಿರುವ ಮಾತನ್ನೂ ನಂಬಬೇಕಾಗಿಲ್ಲ. ಊರೂರಿನಿಂದ ಸರದಿಯ ಮೇಲೆ ಆಳುಗಳನ್ನು ಕರೆಸಿ, ಊಟ ಕೊಟ್ಟು ದುಡಿಸಿಕೊಳ್ಳುವುದು ರಾಜ್ಯದ ಹಕ್ಕಾಗಿತ್ತು. ಬರುವುದಿಲ್ಲ ಎನ್ನುವ ಆಯ್ಕೆ ಎಷ್ಟು ಜನಕ್ಕಿತ್ತು? ನಮ್ಮ ಕಡೆಯ ಬಿಟ್ಟಿ ದುಡಿಮೆ ಬಲ್ಲವರು ಈ ಪ್ರಶ್ನೆಯನ್ನು ಸುಮ್ಮನೆ ಬಿಡುವುದಿಲ್ಲ.

ಅಂದಹಾಗೆ, ಅಷ್ಟು ಕಲ್ಲು ಸಾಗಿದ್ದು ಗಾಡಿಯ ಮೇಲಲ್ಲ, ಮರದ ಜಾರುಬಂಡಿಯ ಮೇಲೆ. ಕಲ್ಲು ಕಡಿದ ಉಳಿ ತಾಮ್ರದ್ದು. ಚಕ್ರ, ಕಬ್ಬಿಣ ಎರಡಕ್ಕೂ ಅಂಕ ಇಟ್ಟವರು ಇಲ್ಲಿ ಏನು ಮಾಡುತ್ತಾರೋ!

ನಂಬಿಕೆ: ಹರಪ್ಪಾ ನಗರಗಳನ್ನು ಆರ್ಯರ ಸೇನೆ ಕೊಚ್ಚಿ ಹಾಕಿತು

ಮೊಹೆಂಜೊದಾರೊದ ಮೇಲಿನ ಪದರಗಳಲ್ಲಿ ಸಿಕ್ಕ ಕೆಲವು ಡಜನ್ ಅಸ್ಥಿಪಂಜರಗಳನ್ನು ನೋಡಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1940ರ ದಶಕದಲ್ಲಿ ಹತ್ಯಾಕಾಂಡದ ಕಥೆ ಕಟ್ಟಿದರು, ಋಗ್ವೇದದ ಇಂದ್ರನನ್ನೇ ಕಟಕಟೆಗೆ ತಂದು ನಿಲ್ಲಿಸಿದರು. 1964ರಲ್ಲಿ ಜಾರ್ಜ್ ಡೇಲ್ಸ್ ಒಂದೊಂದು ಅಸ್ಥಿಪಂಜರ ಎಲ್ಲಿ, ಯಾವ ಪದರದಲ್ಲಿ ಸಿಕ್ಕಿತೆಂದು ಪರಿಶೀಲಿಸಿದಾಗ ಅವೆಲ್ಲ ಒಂದೇ ಕಾಲದವಲ್ಲ ಎಂಬುದು ಬಯಲಾಯಿತು. ಸುಟ್ಟ ಕೋಟೆಯಿಲ್ಲ, ಬಿದ್ದ ಬಾಣಗಳಿಲ್ಲ, ಕಾದಾಡಿ ಸತ್ತ ಸೈನಿಕರಿಲ್ಲ. ಮಳೆಯ ಮಾರುತ ದುರ್ಬಲವಾದದ್ದು, ನದಿಗಳು ಹರಿವು ಬದಲಿಸಿದ್ದು, ಪಶ್ಚಿಮದ ವ್ಯಾಪಾರ ಕುಗ್ಗಿದ್ದು, ಹೀಗೆ ಹಲವು ಕಾರಣಗಳಿಂದ ಜನ ನಗರ ಬಿಟ್ಟು ಪೂರ್ವದ ಮತ್ತು ಗುಜರಾತಿನ ಹಳ್ಳಿಗಳತ್ತ ಚದುರಿದರು. ಆರ್ಯ ಭಾಷೆಗಳು ಭಾರತಕ್ಕೆ ಹೇಗೆ ಬಂದವೆಂಬುದು ಬೇರೆಯದೇ ಪ್ರಶ್ನೆ. ಹತ್ಯಾಕಾಂಡ ಸುಳ್ಳಾದ ಮಾತ್ರಕ್ಕೆ ಅದು ಇತ್ಯರ್ಥವಾಗುವುದಿಲ್ಲ, ಈ ಎರಡನ್ನು ಕಲಸುವವರು ಎರಡೂ ಕಡೆ ಇದ್ದಾರೆ.

ಕೀ ಉತ್ತರದ 'ರಾಜ' ಇಲ್ಲಿ ಕೈಕೊಡುತ್ತಾನೆ. ಒಂದೇ ಅನುಪಾತದ ಇಟ್ಟಿಗೆ, ಒಂದೇ ಕ್ರಮದ ತೂಕದ ಕಲ್ಲುಗಳು ನೂರಾರು ಮೈಲಿ ಹರಡಿವೆ, ಆದರೆ ಇದು ಅರಮನೆ, ಇದು ರಾಜನ ಗೋರಿ ಎಂದು ಬೆರಳಿಟ್ಟು ತೋರಿಸುವಂಥದ್ದು ಒಂದೂ ಸಿಕ್ಕಿಲ್ಲ. ಪಠ್ಯಪುಸ್ತಕದ 'ಪುರೋಹಿತ ರಾಜ' 17.5 ಸೆಂ.ಮೀ. ಎತ್ತರದ ಒಂದು ಬಳಪದ ಕಲ್ಲಿನ ಪ್ರತಿಮೆ ಮಾತ್ರ. ಪುರೋಹಿತಿಕೆ, ಅರಸೊತ್ತಿಗೆ ಎರಡೂ ನಾವು ದಯಪಾಲಿಸಿದ ಪದವಿಗಳು.

ನಂಬಿಕೆ: ಮೊದಲು ಬೇಸಾಯ, ಆಮೇಲೆ ಗುಡಿ, ಮೊದಲು ಶಿಲಾಯುಗ, ಆಮೇಲೆ ಕಂಚು, ಕೊನೆಗೆ ಕಬ್ಬಿಣ

ಮೊದಲರ್ಧವನ್ನು ಅಲುಗಾಡಿಸಿದ್ದು ಟರ್ಕಿಯ ಗೋಬೆಕ್ಲಿ ತೆಪೆ. ಸುಮಾರು ಕ್ರಿ.ಪೂ. 9500ರಿಂದ ಅಲ್ಲಿ ಐದು ಮೀಟರಿಗೂ ಎತ್ತರದ ಕಂಬಗಳನ್ನು ಕಡಿದು, ನರಿ, ಹಾವು, ಹದ್ದುಗಳನ್ನು ಕೆತ್ತಿ ನಿಲ್ಲಿಸಿದವರು ಬೇಟೆಯಾಡಿ, ಕಾಡು ಧಾನ್ಯ ಆಯ್ದು ತಿನ್ನುತ್ತಿದ್ದ ಜನ. ಅದು ಗುಡಿ ಮಾತ್ರವೇ, ಊರೂ ಹೌದೇ ಎಂಬ ಚರ್ಚೆ ನಡೆದಿದೆ.

ಎರಡನೆಯ ಅರ್ಧದ ಕಥೆ ನಮ್ಮ ಮನೆಬಾಗಿಲಿನದು. ಕಲ್ಲು, ಕಂಚು, ಕಬ್ಬಿಣ ಎಂಬ ಅನುಕ್ರಮವನ್ನು ಡೆನ್ಮಾರ್ಕಿನ ಥಾಮ್ಸನ್ ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿಕೊಂಡದ್ದು ಅಲ್ಲಿನ ವಸ್ತುಸಂಗ್ರಹಾಲಯದ ಸಾಮಾನು ಜೋಡಿಸಲಿಕ್ಕೆ. ಬಳ್ಳಾರಿ, ರಾಯಚೂರು ಸೀಮೆಗೆ ಅದು ಹೊಂದುವುದಿಲ್ಲ. ತೆಕ್ಕಲಕೋಟೆಯಂಥ ನೆಲೆಗಳಲ್ಲಿ ತಾಮ್ರದ ಸಾಮಾನು ಅಷ್ಟಿಷ್ಟು ಸಿಕ್ಕರೂ, ಕಂಚಿನ ಯುಗ ಎನ್ನುವಂಥದ್ದು ಇಲ್ಲದೆಯೇ ಇಲ್ಲಿನವರು ನವಶಿಲಾಯುಗದಿಂದ ಕಬ್ಬಿಣಕ್ಕೆ ಬಂದರು. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕಪ್ಪು ಡಾಲರೈಟ್ ಕಲ್ಲಿನಿಂದ ಕೊಡಲಿ ಮಾಡುವ ದೊಡ್ಡ ಕಾರ್ಯಾಗಾರವೇ ಇತ್ತು. ಹೊಲದಲ್ಲಿ ಹುರುಳಿ, ಹೆಸರು, ಕೊರಲೆ. ರಾಗಿಯನ್ನು ಇಲ್ಲಿ ಹುಡುಕಬೇಡಿ, ಅದರ ತವರು ಪೂರ್ವ ಆಫ್ರಿಕ.

ಈ ಜನ ಬಿಟ್ಟುಹೋದ ಬೂದಿದಿಬ್ಬಗಳ ಬಗ್ಗೆಯೂ ಒಂದು ನಂಬಿಕೆಯಿದೆ. ಹಂಪಿಯ ಬಳಿ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. 1957ರಲ್ಲಿ ಕೃಷ್ಣೆಯ ಆಚೆ ಉತ್ನೂರಿನ ಇಂಥದೇ ದಿಬ್ಬವನ್ನು ಅಗೆದ ರೇಮಂಡ್ ಆಲ್ಚಿನ್ ಅವರಿಗೆ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತು ಅಚ್ಚೊತ್ತಿದಂತೆ ಕಂಡವು. ದಿಬ್ಬವಿದ್ದದ್ದು ದೊಡ್ಡಿಯ ಜಾಗ, ಬೂದಿ ವರ್ಷಗಟ್ಟಲೆ ಕೂಡಿಟ್ಟು ಸುಟ್ಟ ಸಗಣಿಯದು. ಸುರಪುರ ಸೀಮೆಯ ಬುದಿಹಾಳದಲ್ಲಿ ಕೆ. ಪದ್ದಯ್ಯ ಅವರು ದಿಬ್ಬಕ್ಕೆ ತಾಗಿಕೊಂಡೇ ಜನರ ಮನೆಗಳಿದ್ದುದನ್ನೂ ದನ ಕಡಿಯುತ್ತಿದ್ದ ಜಾಗವನ್ನೂ ತೋರಿಸಿದರು. ಇಷ್ಟೊಂದು ಸಗಣಿಯನ್ನು ಹೊಲಕ್ಕೆ ಗೊಬ್ಬರ ಮಾಡದೆ ಯಾಕೆ ಸುಟ್ಟರು? ಆಲ್ಚಿನ್ ಇದನ್ನು ಹಬ್ಬದ ಬೆಂಕಿಯೊಡನೆ ಹೋಲಿಸಿದ್ದರು. ಹಳೇ ಮೈಸೂರಿನ ಕಡೆ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಆ ಹೋಲಿಕೆ ತಟ್ಟನೆ ಹಿಡಿಸುತ್ತದೆ. ಆದರೆ ಬೂದಿದಿಬ್ಬಗಳ ಬೆಂಕಿಗೂ ಇವತ್ತಿನ ಕಿಚ್ಚಿಗೂ ನಡುವೆ ಮೂರು ಸಾವಿರ ವರ್ಷಕ್ಕೂ ಹೆಚ್ಚಿನ ಅಂತರವಿದೆ, ಆ ಅಂತರವನ್ನು ತುಂಬುವ ಪದರ ಯಾವ ಅಗೆತದಲ್ಲೂ ಸಿಕ್ಕಿಲ್ಲ.